ಎಡಗೈ ಬೆನ್ನ ಹಿಂದೆ

ಆ ಶನಿವಾರ ಬೆಳಗ್ಗೆ ಮೇಕನ್ ಊರಿಗೆ ಊರೇ ಹಳದಿಯಾಗಿತ್ತು. ಮಾರ್ಚ್ ತಿಂಗಳ ಕೊನೆಗೆ ಜಾರ್ಜಿಯಾದ ಪೈನ್ ಮರಗಳು ತಮ್ಮ ಪರಾಗವನ್ನೆಲ್ಲ ಒಂದೇ ಸಲಕ್ಕೆ ಗಾಳಿಗೆ ಬಿಟ್ಟುಕೊಡುತ್ತವೆ. ಮದುವೆಮನೆಯ ಹೆಂಗಸರು ಅರಿಶಿನದ ಡಬ್ಬಿಯನ್ನೇ ಬೋರಲು ಹಾಕಿದರೇನೋ ಎಂಬಂತೆ ಕಾರಿನ ನೆತ್ತಿ, ಮನೆಯ ಮೆಟ್ಟಿಲು, ನಾಯಿಯ ಮೂತಿ, ತಂತಿಯ ಮೇಲಿನ ಬಟ್ಟೆ, ಎಲ್ಲಕ್ಕೂ ಒಂದೇ ಬಣ್ಣ. ಗಾಳಿ ನಿಂತಿತ್ತು, ಬಿಸಿಲು ಎಳೆಯದಾಗಿತ್ತು. ದೇವರು ಬಡವ ಬಲ್ಲಿದ ಎಂದು ನೋಡದೆ ಹಂಚುವ ವಸ್ತುಗಳಲ್ಲಿ ಈ ಪುಡಿಯೂ ಒಂದು, ಅದರ ಜೊತೆಗೆ ಬರುವ ಸೀನೂ ಒಂದು.

ಇಪ್ಪತ್ತನಾಲ್ಕು ವರ್ಷದ ಓಲಿವೆಟ್ ಮೇಫೀಲ್ಡ್ ಅಜ್ಜಿಯ ಅಡುಗೆಮನೆಯಲ್ಲಿ ಕೂತು ನಾಲ್ಕನೇ ಸಲ ಸೀನಿದಳು.

"ಅಷ್ಟೊಂದು ಜನ ನಿನ್ನ ಹಿಂದೆ ಮುಂದೆ ಓಡಾಡ್ತಾರಂತೆ, ಮೂಗು ಒರೆಸೋಕೆ ಒಬ್ಬರನ್ನ ಇಟ್ಕೊಂಡಿಲ್ವೇನೇ?" ಎಂದು ಅಜ್ಜಿ ಕ್ಲಿಯೋಲಾ ಕೈವಸ್ತ್ರವನ್ನು ಮೊಮ್ಮಗಳ ಮುಖಕ್ಕೆ ಎಸೆದಳು. ಆಮೇಲೆ ಬೆಣ್ಣೆ ಹಾಕಿದ ಮೆಕ್ಕೆಜೋಳದ ಗಂಜಿ ಬಡಿಸಿ, ಪಕ್ಕಕ್ಕೆ ಎರಡು ಮೀನಿನ ಕಟ್ಲೆಟ್ಟು ಇಟ್ಟಳು.

ಅಜ್ಜಿಗೆ ಅವಳು ಓಲಿವೆಟ್, ಹೊರಗಿನವರಿಗೆ ಓಲಿ ಮೇ. ಎರಡು ವರ್ಷದ ಕೆಳಗೆ ಪಿಯೋ ನೋನೋ ರಸ್ತೆಯ ಅಂಗಡಿಯೊಂದರಲ್ಲಿ ಕರಿದ ಕೋಳಿರೆಕ್ಕೆಗಳನ್ನು ನಿಂಬೆ ಮೆಣಸಿನ ಪುಡಿಯಲ್ಲಿ ಹೊರಳಿಸುತ್ತಿದ್ದ ಹುಡುಗಿ. ಕೆಲಸ ಮುಗಿದ ಮೇಲೆ ಚಿಕ್ಕಪ್ಪನ ಮಗ ಡಾಂಟ್ರೆಲ್‌ನ ಬಟ್ಟೆ ಕಪಾಟಿನೊಳಗೆ, ಚಳಿಗಾಲದ ಕೋಟುಗಳ ನಡುವೆ ನಿಂತು ರ‍್ಯಾಪ್ ಹೇಳುತ್ತಿದ್ದಳು. ರಸ್ತೆಯ ಸದ್ದನ್ನು ಕೋಟುಗಳು ನುಂಗಿಕೊಳ್ಳುತ್ತಿದ್ದವು, ಹೊರಗೆ ಮಂಚದ ಮೇಲೆ ಕೂತ ಡಾಂಟ್ರೆಲ್ ಅದನ್ನು ಧ್ವನಿಮುದ್ರಿಸಿ ತಾಳ ಕೂಡಿಸುತ್ತಿದ್ದ. ಆ ಕಪಾಟಿನಲ್ಲಿ ಹುಟ್ಟಿದ 'ಬಾಗಿಲಲ್ಲಿ ತಡಿ' ಎಂಬ ಹಾಡು ಫೋನಿನಿಂದ ಫೋನಿಗೆ ಹಾರಿ ಅಟ್ಲಾಂಟಾ ಮುಟ್ಟಿತು, ಹ್ಯೂಸ್ಟನ್ ಮುಟ್ಟಿತು, ಹೋದ ಚಳಿಗಾಲದ ಹೊತ್ತಿಗೆ ಕಡಲನ್ನೂ ದಾಟಿತು. ಇಂದು ಸಂಜೆ ಆರಕ್ಕೆ ತನ್ನೂರಿನ ದೊಡ್ಡ ಸಭಾಂಗಣದಲ್ಲಿ ಅವಳ ಮೊದಲ ಪ್ರದರ್ಶನ. ಒಂದು ಕುರ್ಚಿಯೂ ಖಾಲಿ ಇಲ್ಲ ಎಂದು ಡಾಂಟ್ರೆಲ್ ಬೆಳಗಿನಿಂದ ಮೂರು ಸಲ ಹೇಳಿದ್ದ.

ಜನ ಮರುಳಾದದ್ದು ಹಾಡಿಗಿಂತ ಹೆಚ್ಚಾಗಿ ಅವಳ ಕೈಗೆ. ಹಾಡಿನ ನಡುವೆ ಓಲಿ ಮೇ ಅಂಗೈಯನ್ನು ಎದೆಯ ಮುಂದೆ ನೆಟ್ಟಗೆ ಎತ್ತುತ್ತಾಳೆ. ತಾಳ ಕತ್ತರಿಸಿದಂತೆ ನಿಲ್ಲುತ್ತದೆ. ಸಾವಿರಾರು ಜನ ಉಸಿರು ಹಿಡಿಯುತ್ತಾರೆ. ಆಮೇಲೆ ಅವಳು ತೋಳನ್ನು ಮೆಲ್ಲಗೆ ಪಕ್ಕಕ್ಕೆ ಚಾಚಿ, ಬನ್ನಿ, ಜಾಗ ಇದೆ ಎಂಬಂತೆ ದಾರಿ ತೆರೆಯುತ್ತಾಳೆ. ಜನ "ಹೇ!" ಎಂದು ಒಮ್ಮೆಲೇ ಕೂಗುತ್ತಾರೆ. ಈಗ ಶಾಲೆಯ ಮಕ್ಕಳು ಊಟದ ಸಾಲಿನಲ್ಲೂ ಹಾಗೆ ಕೈ ಎತ್ತುತ್ತಿದ್ದರು.

ಆ ಕೈ ಎಲ್ಲಿಯದು ಎಂದು ಅಜ್ಜಿಯ ಲಿಟಲ್ ಬೆಥ್‌ಸೈದಾ ಚರ್ಚಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಬಾಗಿಲ ಸೇವೆಯವರು ಒಳಗೆ ಕಾಲಿಟ್ಟ ಮೇಲೆ ತುಟಿ ಬಿಚ್ಚುವುದಿಲ್ಲ. ಬಿಳಿ ಉಡುಪು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ. ಹೇಳುವುದನ್ನೆಲ್ಲ ಬಲಗೈ ಹೇಳುತ್ತದೆ. ತಡಿ, ಪ್ರಾರ್ಥನೆ ನಡೀತಿದೆ. ಬಾ, ಮೂರನೇ ಸಾಲಿನಲ್ಲಿ ಇಬ್ಬರಿಗೆ ಜಾಗ ಇದೆ. ಬೀಸಣಿಗೆ ತನ್ನಿ, ಮುದುಕಿಗೆ ಸೆಕೆಯಾಗಿದೆ. ಒಂಬತ್ತರಿಂದ ಹದಿನಾಲ್ಕನೇ ವಯಸ್ಸಿನವರೆಗೆ ಓಲಿವೆಟ್ ಕಿರಿಯರ ಸಾಲಿನಲ್ಲಿ ನಿಂತವಳೇ. ಎರಡೆರಡು ಗಂಟೆ ಮಾತಿಲ್ಲದೆ ನಿಂತ ಹುಡುಗಿಯ ಬಾಯಲ್ಲಿ ಮಾತು ತುಂಬಿ ತುಳುಕುತ್ತಿತ್ತು. ಕಾಲ ಹೆಬ್ಬೆರಳಿನಲ್ಲಿ ತಾಳ ಹಾಕುತ್ತ, ಒಳಗೊಳಗೇ ಪ್ರಾಸ ಕಟ್ಟುತ್ತ, ಯಾರೂ ನೋಡದಾಗ ಕಾಣಿಕೆ ಲಕೋಟೆಗಳ ಬೆನ್ನ ಮೇಲೆ ಬರೆದುಕೊಳ್ಳುತ್ತಿದ್ದಳು. ಒಂದು ಭಾನುವಾರ ಬಿಳಿ ಕೈಗವಸಿನ ಕೈಯೊಂದು ಮೇಲಿನಿಂದ ಇಳಿದು ಆ ಲಕೋಟೆಗಳನ್ನು ಎತ್ತಿಕೊಂಡು ಹೋಯಿತು. ಅವಳ ಮೊದಲ ಹಾಡು ಹಾಗೆ ಹೋಯಿತು.

ಆ ಕೈ ಸಿಸ್ಟರ್ ವರ್ನೆಲ್ ಸ್ಟಬ್ಸ್‌ಳದು. ಆ ಚರ್ಚಿನಲ್ಲಿ ಹಿರಿಯ ಹೆಂಗಸರೆಲ್ಲ ಸಿಸ್ಟರ್‌ಗಳೇ, ಇವಳು ಬಾಗಿಲ ಸೇವೆಯ ಹಿರಿಯಳು. ನಲವತ್ತೊಂದು ವರ್ಷ ಅದೇ ಬಾಗಿಲು.

"ನಾಳೆ ಬಾಗಿಲ ಸೇವೆಯವರ ಹಬ್ಬ," ಎಂದಳು ಅಜ್ಜಿ, ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತ. "ಏಳು ಚರ್ಚಿನವರು ಬರ್ತಾರೆ. ಮೆರವಣಿಗೆ ಮುಂದೆ ನಡಿಯೋರೇ ಇಲ್ಲ."

"ಸಿಸ್ಟರ್ ಸ್ಟಬ್ಸ್ ಇದ್ದಾರಲ್ಲ?"

"ಕೈಗವಸು ಬಿಚ್ಚಿಟ್ರು."

ಓಲಿವೆಟ್‌ಳ ಚಮಚ ಗಂಜಿಯಲ್ಲೇ ನಿಂತಿತು.

"ಎರಡು ಭಾನುವಾರದ ಹಿಂದೆ ಅಟ್ಲಾಂಟಾದಿಂದ ಯಾರದೋ ನೆಂಟರು ಚರ್ಚಿಗೆ ಬಂದಿದ್ರು, ಇಬ್ಬರು ಹುಡುಗೀರನ್ನ ಕರ್ಕೊಂಡು," ಅಜ್ಜಿ ಹೇಳಿದಳು. "ತಡವಾಗಿ ಬಂದ್ರು, ಪ್ರಾರ್ಥನೆ ನಡೀತಿತ್ತು. ಸಿಸ್ಟರ್ ಕೈ ಎತ್ತಿದ್ರು. ಆ ಹುಡುಗೀರು 'ಅಯ್ಯೋ ನೋಡೇ, ಈ ಅಜ್ಜಿ ಓಲಿ ಮೇ ಥರಾ ಮಾಡ್ತಾಳೆ!' ಅಂದು 'ಹೇ' ಅಂತ ಕೂಗೇಬಿಟ್ಟವು. ಚರ್ಚಿಗೆ ಚರ್ಚೇ ಕಿಸಕ್ ಅಂತು. ಪ್ರಾರ್ಥನೆ ನಡೆಸ್ತಿದ್ದ ಡೀಕನ್ ಟಗಲ್ ಮಧ್ಯೆ ನಕ್ಕುಬಿಟ್ರು, ದೇವರು ಕ್ಷಮಿಸ್ಲಿ. ನಾನೂ ನಕ್ಕೆ."

ಓಲಿವೆಟ್‌ಗೆ ನಗು ಬರಲಿಲ್ಲ. ತಿಂಗಳ ಹಿಂದೆ ಅಟ್ಲಾಂಟಾದ ರೇಡಿಯೋದಲ್ಲಿ ಒಬ್ಬ ಕೇಳಿದ್ದ: ಈ ಕೈಸನ್ನೆ ಎಲ್ಲಿಂದ ಬಂತು? ಅವಳು ಕಣ್ಣು ಮಿಟುಕಿಸದೆ ಹೇಳಿದ್ದಳು, "ನಂದೇ. ಕನ್ನಡಿ ಮುಂದೆ ನಿಂತು ಮಾಡ್ಕೊಂಡಿದ್ದು." ಆಡಿದ ಮಾತು ಗಾಳಿಯಲ್ಲಿ ಹೋಯಿತು ಎಂದುಕೊಂಡಿದ್ದಳು. ಹೋಗಿರಲಿಲ್ಲ. ಅದಾದ ವಾರಕ್ಕೆ ಶಾರ್ಲೆಟ್ ಊರಿನ ವೇದಿಕೆಯಲ್ಲಿ ಕೈ ಎತ್ತಲು ಹೋದರೆ ತೋಳಿಗೆ ಬಕೆಟ್ಟು ನೇತುಹಾಕಿದಂತೆ ಭಾರ. ತಾಳ ನಿಂತಿತು, ಕೈ ಏಳಲಿಲ್ಲ. ಬೆವರು ಒರೆಸಿಕೊಂಡವಳಂತೆ ನಟಿಸಿ ಪಾರಾಗಿದ್ದಳು. ಇವತ್ತು ಊರವರ ಎದುರು ಅದು ಏಳದೆ ಹೋದರೆ ಅವಳ ಹಾಡಿಗೆ ಉಸಿರೇ ಇಲ್ಲ. ಇನ್ನು ಆ ಕೈ ಎಲ್ಲಿಯದೋ ಆ ಬಾಗಿಲೇ ನಾಳೆ ಬರಿದು.

ಅಷ್ಟು ಹೊತ್ತಿಗೆ ಡಾಂಟ್ರೆಲ್ ಒಳಗೆ ಬಂದ. ಅವನ ಗಡ್ಡವೂ ಹಳದಿಯಾಗಿತ್ತು. ವಿಷಯ ಕೇಳಿ ಚಪ್ಪಾಳೆ ತಟ್ಟಿದ.

"ಸುಲಭ! ಇವತ್ತು ಸಂಜೆ ಅವರನ್ನ ವೇದಿಕೆ ಮೇಲೆ ಕೂರಿಸೋಣ. ದೊಡ್ಡ ಕುರ್ಚಿ, ಹೂವು, ಮೇಲಿಂದ ಬೆಳಕು. ನೀನು ಮೊಣಕಾಲೂರು. ಎಲ್ರೂ ಅಳ್ತಾರೆ. ನಾಳೆ ಬೆಳಗ್ಗೆ ಅಷ್ಟೂ ಫೋನಲ್ಲಿ ಅದೇ ಇರತ್ತೆ."

"ನಿನ್ನ ತಲೆಯಲ್ಲಿ ಬರೀ ಫೋನೇ ಇದೆ ಕಣೋ," ಎಂದಳು ಅಜ್ಜಿ.

ಆದರೂ ಓಲಿವೆಟ್‌ಗೆ ಬೇರೆ ದಾರಿ ತೋಚಲಿಲ್ಲ. ಇಬ್ಬರೂ ಹೊರಟರು.

ಸಿಸ್ಟರ್ ಸ್ಟಬ್ಸ್ ಮನೆಯ ಮುಂದೆ ಕೊಳವೆ ಹಿಡಿದು ಜಗಲಿಯ ಹಳದಿಯನ್ನು ತೊಳೆಯುತ್ತಿದ್ದಳು. ಎಪ್ಪತ್ತಾರು ವರ್ಷ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವಳು, ಮನೆಯಲ್ಲಿ ತೊಡುವ ಅಂಗಿಗೂ ಗಂಜಿ ಹಾಕಿ ಇಸ್ತ್ರಿ ಮಾಡಿರುತ್ತಿದ್ದಳು. ಹಳದಿ ನೀರು ಮೆಟ್ಟಿಲಿಳಿದು ಅಂಗಳದ ಕೆಂಪು ಮಣ್ಣಿಗೆ ಸೇರುತ್ತಿತ್ತು.

"ಗುಡ್ ಮಾರ್ನಿಂಗ್ ಮ್ಯಾಮ್," ಎಂದಳು ಓಲಿವೆಟ್.

"ಕಾಲು ಒರೆಸ್ಕೊಂಡು ಬಾ ಮಗಳೇ. ಈಗ ತಾನೆ ತೊಳ್ದಿದೀನಿ. ಆ ಗಡ್ಡದೋನು ಅಲ್ಲೇ ನಿಲ್ಲಲಿ."

ಡಾಂಟ್ರೆಲ್ ಅಲ್ಲೇ ನಿಂತ. ನಿಂತಲ್ಲಿಂದಲೇ ಕುರ್ಚಿ, ಹೂವು, ಬೆಳಕು ಎಲ್ಲವನ್ನೂ ವಿವರಿಸಿದ. ಸಿಸ್ಟರ್ ಸ್ಟಬ್ಸ್ ಪೂರ್ತಿ ಕೇಳಿ, ಕೊಳವೆಯ ನೀರು ನಿಲ್ಲಿಸಿದಳು.

"ಬಾಗಿಲಲ್ಲಿ ನಿಲ್ಲೋಳು ನಾನು. ಬಂದೋರಿಗೆ ಜಾಗ ತೋರ್ಸೋದು ನನ್ನ ಕೆಲಸ. ನಾನೇ ಹೋಗಿ ಬೆಳಕಲ್ಲಿ ಕೂತ್ರೆ ಬಾಗಿಲು ಯಾರು ಕಾಯ್ತಾರಪ್ಪಾ? ಹೋಗು, ಮೊದಲು ಆ ಗಡ್ಡ ತೊಳ್ಕೋ."

ಡಾಂಟ್ರೆಲ್ ಕಾರಿಗೆ ಹೋಗಿ ಕೂತ. ಸಿಸ್ಟರ್ ಒಳಗಿನಿಂದ ಎರಡು ಲೋಟ ಮಂಜುಗಡ್ಡೆಯ ಸಿಹಿ ಚಹಾ ತಂದಳು. ಇಬ್ಬರೂ ಒದ್ದೆ ಜಗಲಿಯಲ್ಲಿ ಕೂತರು. ಓಲಿವೆಟ್‌ಳ ಉದ್ದುದ್ದ ಉಗುರುಗಳು, ಒಂದೊಂದಕ್ಕೂ ಹರಳು ಕೂರಿಸಿದ್ದು, ಲೋಟಕ್ಕೆ ತಾಗಿ ಟಕಟಕ ಎಂದವು.

"ನನ್ನ ಮೇಲೆ ಸಿಟ್ಟಾ ಸಿಸ್ಟರ್?"

"ಸಿಟ್ಟು ಯಾಕೆ? ಈ ಕೈ ನನ್ನದು ಅಂತ ನಾನು ಯಾವತ್ತೂ ಅಂದಿಲ್ಲ. ನಂಗೆ ಕಲಿಸಿದ್ದು ನನಗಿಂತ ಮುಂಚೆ ಬಾಗಿಲಲ್ಲಿದ್ದ ಮದರ್ ಈಲಮ್. ಅವರಿಗೆ ಅವರಮ್ಮ. ಅವರಮ್ಮ ಹತ್ತಿ ಬಿಡಿಸ್ತಿದ್ರು, ಭಾನುವಾರ ಮಾತ್ರ ಕೈಗವಸು. ವಾರವಿಡೀ ಗೀರು ಬಿದ್ದ ಕೈನ ದೇವರ ಮುಂದೆ ಮುಚ್ಕೊಂಡು ನಿಲ್ತಿದ್ರಂತೆ." ಅವಳು ಚಹಾ ಗುಟುಕರಿಸಿದಳು. "ಅದು ಒಬ್ಬರದ್ದಲ್ಲ. ನೀನು 'ನಂದೇ' ಅಂದೆ ನೋಡು. ಈಗ ನಾನು ಎತ್ತಿದ್ರೆ ಮಕ್ಕಳಿಗೆ ನಾನೇ ಕಳ್ಳಿ. ಪ್ರಾರ್ಥನೆ ಹೊತ್ತಲ್ಲಿ ನಗು ತರೋ ಕೈ ಬಾಗಿಲಲ್ಲಿ ಯಾಕಿರಬೇಕು? ಅದಕ್ಕೇ ಬಿಚ್ಚಿಟ್ಟೆ."

ಓಲಿವೆಟ್ ತಲೆ ತಗ್ಗಿಸಿದಳು. "ನಾಚಿಕೆ ಆಯ್ತು ಮ್ಯಾಮ್. ಆ ರೇಡಿಯೋ ಕೋಣೇಲಿ ಎಲ್ರೂ ಕಪ್ಪು ಕನ್ನಡಕ ಹಾಕ್ಕೊಂಡು ಕೂತಿದ್ರು. ಚರ್ಚಿನ ಬಾಗಿಲಲ್ಲಿ ಬಿಳಿ ಶೂ ಹಾಕ್ಕೊಂಡು ನಿಲ್ತಿದ್ದೆ ಅಂದ್ರೆ ನಗ್ತಾರೆ ಅನ್ನಿಸ್ತು."

"ದೇವರ ಬಾಗಿಲ ಹೆಸರು ಹೇಳೋಕೆ ನಾಚಿಕೆ. ಸುಳ್ಳು ಹೇಳೋಕೆ ಇಲ್ಲ."

"ಆಗ ಇರ್ಲಿಲ್ಲ. ಈಗ ಇದೆ."

ಸಿಸ್ಟರ್ ಲೋಟ ಕೆಳಗಿಟ್ಟಳು. ಆಮೇಲೆ ಅಷ್ಟು ಹೊತ್ತು ಅದುಮಿಟ್ಟಿದ್ದ ಮಾತು ಹೊರಗೆ ಬಂತು.

"ಅದೂ ಇರ್ಲಿ. ಎಡಗೈ ಯಾಕೆ ಎತ್ತುತ್ತೀಯ?"

"ಆಂ?"

"ನನ್ನ ತಂಗಿ ಮಗಳು ಫೋನಲ್ಲಿ ತೋರ್ಸಿದ್ಲು. ಎಡಗೈ! ಎಡಗೈ ಎತ್ತಿ ಜನರನ್ನ ಕರೀತಾರೇನೇ? ಐದು ವರ್ಷ ನಿನ್ನ ಹಿಂದೆ ನಿಂತು ಎಡಗೈ ಬೆನ್ನ ಹಿಂದೆ, ಎಡಗೈ ಬೆನ್ನ ಹಿಂದೆ ಅಂತ ಸನ್ನೆ ಮಾಡಿ ಸಾಯ್ತಿದ್ದೆ ನಾನು. ಕದ್ರೆ ಕದಿ, ಸರಿಯಾಗಿ ಕದಿಯೋದಲ್ವಾ!"

"ಬಲಗೈಲಿ ಮೈಕ್ ಇರತ್ತೆ ಸಿಸ್ಟರ್..."

"ಮೈಕಿಗೆ ಕಂಬ ಇಲ್ವಾ ಅಷ್ಟು ದೊಡ್ಡ ಜಾಗದಲ್ಲಿ?"

ಓಲಿವೆಟ್‌ಗೆ ನಗು ತಡೆಯಲಾಗಲಿಲ್ಲ. ಸಿಸ್ಟರ್ ಸ್ಟಬ್ಸ್‌ಳ ತುಟಿಯ ಒಂದು ತುದಿಯೂ ಅಲುಗಿತು. ಆ ಸಲುಗೆಯಲ್ಲಿ ಹುಡುಗಿಗೆ ಧೈರ್ಯ ಬಂತು.

"ನೀವೂ ನಂಗೊಂದು ಬಾಕಿ ಇದೀರ. ನನ್ನ ಮೊದಲನೇ ಹಾಡು ಕಿತ್ಕೊಂಡ್ರಿ."

"ಪ್ರಾರ್ಥನೆ ಹೊತ್ತಲ್ಲಿ ಬರೆದಿದ್ದು ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಹೋಯ್ತು," ಎಂದು ಸಿಸ್ಟರ್ ಖಾಲಿ ಲೋಟಗಳನ್ನು ಎತ್ತಿಕೊಂಡಳು. ಕಸದ ಬುಟ್ಟಿಗೆ ಎಂದು ಓಲಿವೆಟ್ ಅರ್ಥ ಮಾಡಿಕೊಂಡಳು.

"ನಾಳೆ ಬರ್ತೀರಾ?"

"ಚರ್ಚಿಗೆ ಬರದೆ ಎಲ್ಲಿಗೆ ಹೋಗ್ಲಿ? ಬರ್ತೀನಿ. ಬೆಂಚಿನ ಮೇಲೆ ಕೂತ್ಕೋತೀನಿ." ಬಾಗಿಲ ಬಳಿ ನಿಂತು, ತಿರುಗದೆ ಹೇಳಿದಳು: "ಸುಳ್ಳನ್ನ ಎಲ್ಲಿ ಹೇಳಿದ್ಯೋ ಅಲ್ಲೇ ನಿಜ ಹೇಳು. ತಗೊಂಡಿದ್ದನ್ನ ಎಲ್ಲಿಂದ ತಗೊಂಡ್ಯೋ ಅಲ್ಲೇ ತೀರಿಸು. ಹೂವುಗೀವು ಬೇಡ."

ಆ ಸಂಜೆ ಊರ ಸಭಾಂಗಣ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಮೇಲಿನ ಅಂತಸ್ತಿನ ಎರಡು ಸಾಲು ಪೂರ್ತಿ ಬೆಥ್‌ಸೈದಾದ ಹೆಂಗಸರು. ಅಂಥ ಹಾಡೆಲ್ಲ ನಮಗಲ್ಲಪ್ಪ ಎನ್ನುತ್ತ, ಮನೆಯಿಂದ ಕುರುಕಲು ಕಟ್ಟಿಕೊಂಡು ಬಂದಿದ್ದರು. 'ಬಾಗಿಲಲ್ಲಿ ತಡಿ' ಶುರುವಾಗುವ ಮುನ್ನ ಓಲಿವೆಟ್ ಡಾಂಟ್ರೆಲ್‌ಗೆ ಸನ್ನೆ ಮಾಡಿದಳು. ಅವನು ಗೊಣಗುತ್ತ ಮೈಕಿನ ಕಂಬ ತಂದು ನಿಲ್ಲಿಸಿದ.

ಅವಳು ಮೈಕನ್ನು ಅದಕ್ಕೆ ಸಿಕ್ಕಿಸಿ ಎಡಗೈಯನ್ನು ಬೆನ್ನ ಹಿಂದೆ ಮಡಚಿದಳು. ಹತ್ತು ವರ್ಷದ ಮೇಲೆ ಮೊದಲ ಸಲ. ಬೆನ್ನು ತಾನಾಗಿ ನೆಟ್ಟಗಾಯಿತು.

"ಹಾಡೋಕೆ ಮುಂಚೆ ಒಂದು ಮಾತು," ಎಂದಳು. "ಈ ಕೈ ನಂದು ಅಂತ ರೇಡಿಯೋದಲ್ಲಿ ಹೇಳಿದ್ದೆ. ಸುಳ್ಳು. ಇದು ಲಿಟಲ್ ಬೆಥ್‌ಸೈದಾ ಚರ್ಚಿನ ಬಾಗಿಲದ್ದು. ನಂಗೆ ಕಲಿಸಿದ್ದು ಸಿಸ್ಟರ್ ವರ್ನೆಲ್ ಸ್ಟಬ್ಸ್. ನಾನು ಅದನ್ನೂ ತಪ್ಪಾಗಿ ಕಲ್ತು ನಿಮಗೆಲ್ಲ ತಪ್ಪಾಗಿ ಹೇಳ್ಕೊಟ್ಟೆ. ಎಲ್ರೂ ಎಡಗೈ ಬೆನ್ನ ಹಿಂದೆ ಇಡಿ. ಇಟ್ರಾ? ಫೋನ್ ಜೇಬಲ್ಲಿ ಹಾಕಿ, ಇಲ್ದಿದ್ರೆ ಹೇಗೆ ಇಡ್ತೀರ?"

ನಗುತ್ತ ನಗುತ್ತ ಫೋನುಗಳು ಜೇಬಿಗಿಳಿದವು. ಡಾಂಟ್ರೆಲ್ ಹಣೆ ಚಚ್ಚಿಕೊಂಡ. ಓಲಿವೆಟ್ ಬಲಗೈ ಎತ್ತಿದಳು. ಭಾರವಿರಲಿಲ್ಲ. ಅಷ್ಟು ದೊಡ್ಡ ಸಭೆ ನಿಶ್ಶಬ್ದವಾಯಿತು, ಮಲಗಿದ ಮಗುವಿರುವ ಮನೆಯಂತೆ. ಆ ನಿಶ್ಶಬ್ದದಲ್ಲಿ ಮೇಲಿನಿಂದ ಅಜ್ಜಿ ಕ್ಲಿಯೋಲಾಳ ದನಿ ಕೇಳಿಸಿತು: "ಹಾಂ, ಈಗ ಸರಿಯಾಯ್ತು ನೋಡು!"

ಭಾನುವಾರ ನಸುಕಿಗೆ ಹನಿಮಳೆ ಬಂದು ಹಳದಿಯನ್ನೆಲ್ಲ ಚರಂಡಿಗೆ ಇಳಿಸಿತ್ತು. ಬಾಗಿಲ ಸೇವೆಗೆಂದು ಅಜ್ಜಿ ಇಟ್ಟುಕೊಂಡಿದ್ದ ಎರಡು ಬಿಳಿ ಉಡುಪುಗಳಲ್ಲಿ ಒಂದನ್ನು ಓಲಿವೆಟ್ ತೊಟ್ಟಳು. ಸೊಂಟದಲ್ಲಿ ಇಬ್ಬರು ಹಿಡಿಯುವಷ್ಟು ಸಡಿಲ, ಆರು ಪಿನ್ನು ಬೇಕಾಯಿತು. ತೊಡಕು ಬಂದದ್ದು ಕೈಗವಸಿನಲ್ಲಿ. ಹರಳಿನ ಉಗುರುಗಳ ಮೇಲೆ ಅದು ಏರಲೊಲ್ಲದು.

"ಕತ್ತರಿಸು," ಎಂದಳು ಅಜ್ಜಿ.

"ಅಜ್ಜೀ, ಮೂರು ಗಂಟೆ ಕೂತು ಮಾಡ್ಸಿದ್ದು ಇದು!"

"ಹಾಗಾದ್ರೆ ಹೋಗು, ಬೆಂಚಿನ ಮೇಲೆ ಕೂತ್ಕೋ."

ಹತ್ತು ಉಗುರುಗಳೂ ಅಡುಗೆಮನೆಯ ಮೇಜಿನ ಮೇಲೆ, ಸಿಪ್ಪೆ ಸುಲಿದ ಬಟಾಣಿಯಂತೆ ಒಂದು ಬಟ್ಟಲಲ್ಲಿ ಬಿದ್ದವು.

ಹನ್ನೊಂದು ಗಂಟೆಗೆ ಅವಳು ಚರ್ಚಿನ ಬಾಗಿಲಲ್ಲಿ ನಿಂತಿದ್ದಳು. ಪಾದ್ರಿಯವರನ್ನು ಮೊದಲೇ ಕೇಳಿಕೊಂಡಿದ್ದಳು. ಅವರು ನಕ್ಕು, ಬಾಗಿಲಿಗೆ ಯಾವಾಗಲೂ ಜನ ಬೇಕು ಎಂದಿದ್ದರು. ಒಳಬರುವವರು ಅವಳನ್ನು ನೋಡಿ ಕಣ್ಣರಳಿಸಿದರು. ಒಬ್ಬಳು ತರುಣಿ ಫೋನ್ ತೆಗೆಯಹೋದಳು. ಬಿಳಿ ಕೈಗವಸಿನ ಬೆರಳೊಂದು ಎಡಕ್ಕೂ ಬಲಕ್ಕೂ ಆಡಿತು, ಫೋನ್ ಚೀಲಕ್ಕೆ ಮರಳಿತು. ಮಾತಿನಿಂದ ಅನ್ನ ತಿನ್ನುವ ಹುಡುಗಿ ಒಂದು ಮಾತೂ ಆಡಲಿಲ್ಲ. ಮೊದಲು ಕಷ್ಟವಾಯಿತು. ಆಮೇಲೆ, ಬಾವಿಯ ನೀರು ಕಲಕುವುದು ನಿಂತ ಮೇಲೆ ತಳ ಕಾಣುವಂತೆ, ಒಳಗೆ ಏನೋ ತಿಳಿಯಾಗುತ್ತ ಬಂತು. ಕಾಲ ಹೆಬ್ಬೆರಳು ಮಾತ್ರ ಹಳೆಯ ಚಾಳಿ ಬಿಡದೆ ಶೂ ಒಳಗೆ ತಾಳ ಹಾಕುತ್ತಿತ್ತು.

ಡೀಕನ್ ಟಗಲ್ ಪ್ರಾರ್ಥನೆಗೆ ಎದ್ದು ನಿಂತರು. ಅದೇ ಹೊತ್ತಿಗೆ ಸಿಸ್ಟರ್ ಸ್ಟಬ್ಸ್ ಮೆಟ್ಟಿಲೇರಿ ಬಂದಳು. ನೇರಳೆ ಬಣ್ಣದ ಲಂಗ, ಅದೇ ಬಣ್ಣದ ಅಗಲ ಟೋಪಿ, ಬರಿಗೈ. ಬೆಂಚಿನ ಮೇಲೆ ಕೂರಲು ಬಂದವಳ ವೇಷ.

ಓಲಿವೆಟ್ ಬಾಗಿಲಿಗೆ ಅಡ್ಡ ಬಂದಳು. ಬಲಗೈ ಎತ್ತಿದಳು: ತಡಿ.

ಹಿಂದಿನ ಬೆಂಚಿನಲ್ಲಿ ಯಾರೋ ಎಳೆಯರು "ಹೇ" ಎನ್ನಲು ಬಾಯಿ ತೆರೆದರು. ಪಕ್ಕದ ತಾಯಿಯ ಚಿವುಟಿಗೆ ಆ ಸದ್ದು "ಹಾಯ್" ಆಗಿ ಅಲ್ಲೇ ಅಡಗಿತು. ಸಿಸ್ಟರ್ ಸ್ಟಬ್ಸ್ ನಿಂತಳು. ಡೀಕನ್ ಟಗಲ್‌ರ ಪ್ರಾರ್ಥನೆ ಊರಿಗೇ ಗೊತ್ತು: ಕಾಯಿಲೆಯವರು, ಪ್ರಯಾಣದವರು, ಸರಕಾರ, ತಮ್ಮ ಮೊಣಕಾಲು, ಯಾವುದನ್ನೂ ಬಿಡುವವರಲ್ಲ. ಹನ್ನೊಂದು ನಿಮಿಷ. ಅಷ್ಟು ಹೊತ್ತೂ ಎತ್ತಿದ ಅಂಗೈಯ ಈಚೆ ಹುಡುಗಿ, ಆಚೆ ಮುದುಕಿ. ಹುಡುಗಿಯ ತೋಳು ನಡುಗತೊಡಗಿತು, ಇಳಿಯಲಿಲ್ಲ.

"ಆಮೆನ್" ಎಂದಾಗ ಓಲಿವೆಟ್ ತೋಳನ್ನು ಪಕ್ಕಕ್ಕೆ ಚಾಚಿ ದಾರಿ ತೆರೆದಳು. ಸಿಸ್ಟರ್ ಸ್ಟಬ್ಸ್ ಒಳಗೆ ಹೋಗಲಿಲ್ಲ. ಅಲ್ಲೇ ನಿಂತು ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಶೂ, ಆರು ಪಿನ್ನು, ಕತ್ತುಪಟ್ಟಿ. ಹಿಂದಕ್ಕೆ ಹೋಗಿ ಎಡಗೈ ನೋಡಿದಳು. ಒಂದು ಬೆರಳಿನಿಂದ ಅವಳ ಮೊಣಕೈಯನ್ನು ಅರ್ಧ ಅಂಗುಲ ಮೇಲಕ್ಕೆತ್ತಿದಳು.

ಆಮೇಲೆ ಕೈಚೀಲ ತೆರೆದು, ಮಡಚಿಟ್ಟ ಬಿಳಿ ಕೈಗವಸು ತೆಗೆದು, ಒಂದೊಂದೇ ಬೆರಳು ಎಳೆದು ಹಾಕಿಕೊಂಡಳು. ಬಾಗಿಲ ಇನ್ನೊಂದು ಬದಿಗೆ ಹೋಗಿ ನಿಂತಳು. ನೇರಳೆ ಲಂಗ, ನೇರಳೆ ಟೋಪಿ, ಬಿಳಿ ಕೈ. ಹೊರಗೆ ಮೆಟ್ಟಿಲ ಮೇಲೆ ಏಳು ಚರ್ಚಿನ ಬಾಗಿಲ ಸೇವೆಯವರು ಎರಡು ಸಾಲಾಗಿ ಕಾಯುತ್ತಿದ್ದರು. ಸಿಸ್ಟರ್ ಸ್ಟಬ್ಸ್ ಬಲಗೈ ಎತ್ತಿದಳು. ಯಾರೂ ನಗಲಿಲ್ಲ. ವಾದ್ಯ ಶುರುವಾಯಿತು, ಅವಳು ಮುಂದೆ ನಡೆದಳು, ಅವಳ ಹಿಂದೆ ಬಿಳಿಯ ಸಾಲು ಒಂದೇ ಹೆಜ್ಜೆಯಲ್ಲಿ, ತುಸು ಕುಣಿದಂತೆ, ನಡುಹಾದಿಯಲ್ಲಿ ಹರಿದು ಬಂತು. ಅಜ್ಜಿ ಕ್ಲಿಯೋಲಾ ಸಾಲಿನಲ್ಲಿದ್ದುಕೊಂಡೇ ಮೊಮ್ಮಗಳಿಗೆ ಕಣ್ಣು ಹೊಡೆದಳು. ಅದು ನಿಯಮಕ್ಕೆ ವಿರುದ್ಧ.

ಪಾದ್ರಿಯವರ ಬೋಧನೆ ಶುರುವಾಯಿತು. ಬೀಸಣಿಗೆಗಳು ಆಡುತ್ತಿದ್ದವು. ಓಲಿವೆಟ್ ತನ್ನ ಜಾಗದಲ್ಲಿ, ಕಣ್ಣು ಮುಂದೆ, ಎಡಗೈ ಬೆನ್ನ ಹಿಂದೆ, ಅಂಗೈ ಹೊರಮುಖವಾಗಿ ತೆರೆದು ನಿಂತಿದ್ದಳು. ಹಿಂದಿನಿಂದ ಗಂಜಿ ಹಾಕಿದ ಬಟ್ಟೆಯ ಸಣ್ಣ ಸರಸರ ಕೇಳಿಸಿತು. ತೆರೆದ ಅಂಗೈಯಲ್ಲಿ ಯಾರೋ ಏನನ್ನೋ ಇಟ್ಟು, ಅವಳ ಬೆರಳುಗಳನ್ನು ಅದರ ಮೇಲೆ ಮಡಚಿದರು.

ತಿರುಗುವ ಹಾಗಿಲ್ಲ, ಕೇಳುವ ಹಾಗಿಲ್ಲ. ಬೆರಳುಗಳು ಕೈಗವಸಿನೊಳಗಿಂದಲೇ ತಡವಿದವು. ಕಾಗದ. ಚಿಕ್ಕವು, ಉದ್ದನೆಯವು, ಐದೋ ಆರೋ. ಸುತ್ತ ಒಂದು ರಬ್ಬರ್ ಪಟ್ಟಿ, ಹಳೆಯದಾಗಿ ಬಿಗಿತ ಕಳೆದುಕೊಂಡದ್ದು. ಮೇಲಿನ ಲಕೋಟೆಯ ಬೆನ್ನಲ್ಲಿ, ಹನ್ನೆರಡು ವರ್ಷದ ಹುಡುಗಿಯೊಬ್ಬಳು ಯಾರಾದರೂ ನೋಡಿಬಿಟ್ಟಾರು ಎಂಬ ಆತುರದಲ್ಲಿ ಪೆನ್ನು ಒತ್ತಿ ಬರೆದ ಸಾಲುಗಳು ಇನ್ನೂ ಬೆರಳಿಗೆ ಸಿಗುತ್ತಿದ್ದವು.

ಕೊನೆಯ ಆಶೀರ್ವಾದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಓಲಿವೆಟ್ ಕಣ್ಣು ಒದ್ದೆ ಮಾಡಿಕೊಂಡು ನೆಟ್ಟಗೆ ನಿಂತಳು. ಎದುರು ಬದಿಯಲ್ಲಿ ಸಿಸ್ಟರ್ ಸ್ಟಬ್ಸ್ ಆಗಲೇ ತನ್ನ ಜಾಗಕ್ಕೆ ಮರಳಿ, ಏನೂ ನಡೆದಿಲ್ಲವೆಂಬಂತೆ, ಕೆಮ್ಮುತ್ತಿದ್ದ ಒಬ್ಬ ಮುದುಕನ ಕೈಗೆ ಪೆಪ್ಪರ್‌ಮಿಂಟ್ ಹಾಕುತ್ತಿದ್ದಳು.